ತುಂಬದೆ ಉಳಿದ ಜಲಾಶಯ

ಅಮೆರಿಕದ ಮಧ್ಯಪಶ್ಚಿಮವೆಂದರೆ ಬಯಲುಸೀಮೆ. ಹಿಮಯುಗದಲ್ಲಿ ಉತ್ತರದಿಂದ ಇಳಿದು ಬಂದ ಹಿಮರಾಶಿ ಅಲ್ಲಿನ ಗುಡ್ಡಗಳನ್ನು ಸವೆಸಿ, ಕಣಿವೆಗಳನ್ನು ಕಲ್ಲುಮಣ್ಣಿನಿಂದ ತುಂಬಿ ನೆಲವನ್ನು ಮಟ್ಟ ಮಾಡಿಬಿಟ್ಟಿತು. ವಿಸ್ಕಾನ್ಸಿನ್ ರಾಜ್ಯದ ನೈಋತ್ಯ ಮೂಲೆಯೊಂದು ಈ ಹೊಡೆತದಿಂದ ಪಾರಾಯಿತು. ಸುತ್ತ ಎಲ್ಲೆಡೆ ಹಿಮ ಹರಿದರೂ ಈ ಸೀಮೆಯ ಮೇಲೆ ಹರಿಯಲಿಲ್ಲ. ಭೂವಿಜ್ಞಾನಿಗಳು ಇದನ್ನು ಡ್ರಿಫ್ಟ್‌ಲೆಸ್ ಪ್ರದೇಶ ಎನ್ನುತ್ತಾರೆ. ಕಡಿದಾದ ಇಳಿಜಾರು, ಮರಳುಗಲ್ಲಿನ ನೆಟ್ಟಗಿನ ಬಂಡೆಗೋಡೆ, ಇಕ್ಕಟ್ಟಾದ ಕಣಿವೆತಳ, ಹೆಜ್ಜೆಗೊಂದು ಒರತೆ. ಈ ನೆಲದ ನಡುವೆ ಹರಿಯುವ ಸಣ್ಣ ನದಿ ಕಿಕಪೂ.

ಮನ್ರೋ ಕೌಂಟಿಯ ವಿಲ್ಟನ್ ಊರಿನ ಆಸುಪಾಸಿನ ದಿಬ್ಬಗಳಲ್ಲಿ ಹುಟ್ಟಿ, ದಕ್ಷಿಣಕ್ಕೆ ಹರಿದು, ವಾಝೀಕಾ ಬಳಿ ಅದು ವಿಸ್ಕಾನ್ಸಿನ್ ನದಿಯನ್ನು ಸೇರುತ್ತದೆ. ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಹುಟ್ಟಿಗೂ ಸಂಗಮಕ್ಕೂ ಅರವತ್ತು ಮೈಲಿಯೂ ಇಲ್ಲ. ನದಿ ಮಾತ್ರ ಸುಮಾರು 125 ಮೈಲಿ ನಡೆಯುತ್ತದೆ. ಒಂದು ಬಂಡೆಗೆ ತಾಗಿ ಪೂರ್ವಕ್ಕೆ ತಿರುಗಿ, ಮುಂದಿನ ಬಂಡೆಗೆ ತಾಗಿ ಪಶ್ಚಿಮಕ್ಕೆ ಹೊರಳಿ, ಆಗಾಗ ಬಂದ ದಿಕ್ಕಿಗೇ ಮುಖ ಮಾಡುತ್ತ ಸಾಗುತ್ತದೆ.

ಇದರ ಕಥೆ ತಿಳಿಯಬೇಕಾದರೆ ಮೊದಲು ಉಪನದಿಗಳ ಲೆಕ್ಕ ಹಿಡಿಯಬೇಕು. ನಾರ್ವಾಕ್ ಊರನ್ನು ಹಾದು ಬರುವ ಮೂರ್ ಹಳ್ಳ ಮೇಲ್ದಂಡೆಯಲ್ಲೇ ಕೂಡಿಕೊಳ್ಳುತ್ತದೆ. ಒಂಟಾರಿಯೊ ಎಂಬ ಪುಟ್ಟ ಊರಿನಲ್ಲಿ ಬ್ರಷ್ ಹಳ್ಳ ಬರುತ್ತದೆ. ವೈಲ್ಡ್‌ಕ್ಯಾಟ್ ಬೆಟ್ಟದ ಕಡೆಯಿಂದ ಬಿಲಿಂಗ್ಸ್ ಹಳ್ಳ, ಪಶ್ಚಿಮದಿಂದ ವೈಸ್ಟರ್ ಹಳ್ಳ, ಲಾ ಫಾರ್ಜ್ ಊರಿನ ಆಸುಪಾಸಿನಲ್ಲಿ ಆಟರ್ ಮತ್ತು ಬೇರ್ ಹಳ್ಳಗಳು. ಎಲ್ಲಕ್ಕಿಂತ ದೊಡ್ಡದು ವೆಸ್ಟ್ ಫೋರ್ಕ್, ಅಂದರೆ ಪಶ್ಚಿಮದ ಕವಲು. ಅದು ಬೇರೆಯೇ ಕಣಿವೆಯಲ್ಲಿ ಅವಲಾಂಚ್ ಎಂಬ ಹಳ್ಳಿಯನ್ನು ಬಳಸಿ ಬಂದು ರೀಡ್ಸ್‌ಟೌನ್ ಬಳಿ ಮುಖ್ಯ ನದಿಗೆ ಸೇರುತ್ತದೆ. ಸೋಲ್ಜರ್ಸ್ ಗ್ರೋವ್ ದಾಟಿ ಗೇಸ್ ಮಿಲ್ಸ್ ತಲುಪುವ ಮುನ್ನ ಟೇಂಟರ್ ಹಳ್ಳ. ಇವುಗಳ ನಡುವೆ ಹೆಸರಿರುವ, ಹೆಸರಿಲ್ಲದ ನೂರಾರು ತೊರೆಗಳಿವೆ. ಬಂಡೆಯೊಳಗಿನಿಂದ ಒಸರುವ ನೀರು ಬೇಸಿಗೆಯಲ್ಲೂ ತಣ್ಣಗಿರುವುದರಿಂದ ಈ ಹಳ್ಳಗಳಲ್ಲಿ ಟ್ರೌಟ್ ಮೀನು ಸಮೃದ್ಧ.

ಈ ಅಂದದ ಒಡಲಲ್ಲೇ ಅಪಾಯವೂ ಇದೆ. ಪಕ್ಕದ ಕಣಿವೆಗಳೆಲ್ಲ ಗಿಡ್ಡ, ಕಡಿದು. ಅಲ್ಲಿ ಬಿದ್ದ ಮಳೆಗೆ ತಂಗಲು ತಾವಿಲ್ಲ. ಬಯಲುಸೀಮೆಯ ನದಿಯಾಗಿದ್ದರೆ ನೀರು ದಿನಗಟ್ಟಲೆ ಹರಡಿ ನಿಧಾನವಾಗಿ ಬರುತ್ತಿತ್ತು. ಇಲ್ಲಿ ಹತ್ತಾರು ಹಳ್ಳಗಳ ನೀರು ಒಂದೇ ರಾತ್ರಿಯಲ್ಲಿ ಇಕ್ಕಟ್ಟಿನ ಕಣಿವೆತಳಕ್ಕೆ ನುಗ್ಗುತ್ತದೆ. ಊರುಗಳಿರುವುದೂ ಅದೇ ತಳದಲ್ಲಿ.

ನದಿಯ ಹೆಸರು ಕಿಕಪೂ ಜನರದು. 1673ರಲ್ಲಿ ಫ್ರೆಂಚ್ ಪಾದ್ರಿ ಮಾರ್ಕೆಟ್ ಮತ್ತು ಅವನ ಜೊತೆಗಾರ ಜೋಲಿಯೆ ವಿಸ್ಕಾನ್ಸಿನ್ ನದಿಯಲ್ಲಿ ದೋಣಿ ಬಿಟ್ಟುಕೊಂಡು ಈ ಸಂಗಮದ ಮುಂದೆಯೇ ಹಾದು ಮಿಸಿಸಿಪ್ಪಿಯನ್ನು ತಲುಪಿದಾಗ, ಕಿಕಪೂ ಜನ ಈಗಿನ ವಿಸ್ಕಾನ್ಸಿನ್‌ನಲ್ಲಿದ್ದರು. ಮುಂದಿನ ಶತಮಾನದಲ್ಲಿ ಅವರು ದಕ್ಷಿಣಕ್ಕೆ ಸರಿದರು. ಇಂದು ಅವರ ವಂಶದವರು ಕಾನ್ಸಾಸ್, ಒಕ್ಲಹೋಮಾ, ಟೆಕ್ಸಾಸ್ ಮತ್ತು ಮೆಕ್ಸಿಕೋದಲ್ಲಿದ್ದಾರೆ. ಹೆಸರು ಮಾತ್ರ ಕಣಿವೆಯಲ್ಲಿ ಉಳಿಯಿತು. ಕಣಿವೆಯಲ್ಲಿ ನೆಲೆಯಾಗಿದ್ದವರು ಹೋ-ಚಂಕ್ ಜನ. ಬಂಡೆಯ ಚಾಚುಗಳ ಕೆಳಗೆ ಅವರ ಪೂರ್ವಿಕರು ಮತ್ತು ಅವರಿಗೂ ಹಿಂದಿನವರು ಬಾಳಿದ ಗುರುತುಗಳು ಕಣಿವೆಯುದ್ದಕ್ಕೂ ಸಿಗುತ್ತವೆ.

1832ರಲ್ಲಿ ಸಾಕ್ ಜನರ ಮುಖಂಡ ಬ್ಲ್ಯಾಕ್ ಹಾಕ್, ಹೆಂಗಸರು ಮಕ್ಕಳು ಸಹಿತ ತನ್ನವರನ್ನು ಕಟ್ಟಿಕೊಂಡು ಈ ಗುಡ್ಡಗಳನ್ನು ದಾಟಿ ಮಿಸಿಸಿಪ್ಪಿಯತ್ತ ಓಡಿದ. ಬೆನ್ನಟ್ಟಿ ಬಂದ ಸೈನಿಕರು ಕಿಕಪೂ ದಂಡೆಯಲ್ಲಿ ಬೀಡುಬಿಟ್ಟರು. ಆ ಜಾಗದಲ್ಲಿ ಮುಂದೆ ಎದ್ದ ಊರೇ ಸೋಲ್ಜರ್ಸ್ ಗ್ರೋವ್. ಆಗಸ್ಟ್ ಮೊದಲ ವಾರದಲ್ಲಿ ಮಿಸಿಸಿಪ್ಪಿಯ ದಡದ ಬ್ಯಾಡ್ ಆಕ್ಸ್ ಎಂಬಲ್ಲಿ ಆ ಜನರ ಮಾರಣಹೋಮವಾಯಿತು. ಐದು ವರ್ಷಗಳ ನಂತರ, 1837ರಲ್ಲಿ, ವಾಷಿಂಗ್ಟನ್‌ನಲ್ಲಿ ಹೋ-ಚಂಕ್ ಪ್ರತಿನಿಧಿಗಳಿಂದ ಒಪ್ಪಂದವೊಂದಕ್ಕೆ ಸಹಿ ಹಾಕಿಸಿಕೊಳ್ಳಲಾಯಿತು. ಮಿಸಿಸಿಪ್ಪಿಯ ಪೂರ್ವಕ್ಕೆ ಉಳಿದಿದ್ದ ನೆಲವನ್ನೆಲ್ಲ ಬಿಟ್ಟುಕೊಡುವ ಒಪ್ಪಂದ ಅದು. ನೆಲ ಬಿಟ್ಟುಕೊಡುವ ಅಧಿಕಾರ ಆ ಪ್ರತಿನಿಧಿಗಳಿಗೆ ಇರಲೇ ಇಲ್ಲ. ಜಾಗ ಖಾಲಿ ಮಾಡಲು ಎಂಟು ವರ್ಷ ಕಾಲಾವಕಾಶವಿದೆ ಎಂದು ಅವರು ನಂಬಿದ್ದರು, ಕಾಗದದಲ್ಲಿ ಇದ್ದದ್ದು ಎಂಟು ತಿಂಗಳು. ಅಲ್ಲಿಂದ ಮುಂದಿನ ಮೂರೂವರೆ ದಶಕ ಅವರನ್ನು ಅಯೋವಾಗೆ, ಮಿನೆಸೋಟಾಗೆ, ಡಕೋಟಾಗೆ, ನೆಬ್ರಾಸ್ಕಾಗೆ ಮತ್ತೆ ಮತ್ತೆ ಸಾಗಹಾಕಲಾಯಿತು. 1870ರ ದಶಕದಲ್ಲೂ ಸೈನಿಕರು ಚಳಿಗಾಲದಲ್ಲಿ ಅವರನ್ನು ಹಿಡಿದು ರೈಲಿಗೆ ತುಂಬಿದರು. ಪ್ರತಿ ಸಲವೂ ಒಂದಷ್ಟು ಮಂದಿ ವಿಸ್ಕಾನ್ಸಿನ್‌ಗೆ ಮರಳಿ ಬಂದರು. ಈ ಕಣಿವೆಯ ಇತಿಹಾಸ ಬರೆಯುವವರು ಇಪ್ಪತ್ತನೆಯ ಶತಮಾನದ ಅಣೆಕಟ್ಟಿನಿಂದ ಆರಂಭಿಸಿದರೆ ಅರ್ಧ ಕಥೆಯನ್ನು ಬಿಟ್ಟಂತೆ. ಇಲ್ಲಿ ಮನೆ ಬಿಟ್ಟವರ ಮೊದಲ ಸಾಲು ಹೋ-ಚಂಕ್ ಜನರದು.

ಆಮೇಲೆ ಬಂದ ವಲಸಿಗರು ಮರ ಕಡಿದರು, ಗಿರಣಿ ಕಟ್ಟಿದರು, ಗೋಧಿ ಬಿತ್ತಿದರು. ಪೂರ್ವದ ರಾಜ್ಯಗಳವರು, ನಾರ್ವೆಯವರು, ಐರಿಷರು ಬಂದರು. 1850ರ ದಶಕದಲ್ಲಿ ಕಪ್ಪು ಜನರ ಕೆಲವು ಕುಟುಂಬಗಳೂ ವರ್ನನ್ ಕೌಂಟಿಗೆ ಬಂದು ನೆಲೆಸಿದವು. ಆ ಸಮುದಾಯದ ಆಲ್ಗಾ ಷಿವರ್ಸ್ ಕಟ್ಟಿದ ದುಂಡನೆಯ ದನದ ಕೊಟ್ಟಿಗೆಗಳು ಇಂದಿಗೂ ಆ ಸೀಮೆಯ ಹೆಮ್ಮೆ. 1890ರ ದಶಕದಲ್ಲಿ ವಾಝೀಕಾದಿಂದ ಲಾ ಫಾರ್ಜ್‌ವರೆಗೆ ನದಿಯ ಪಕ್ಕದಲ್ಲೇ ರೈಲು ಹಳಿ ಬಿತ್ತು.

ಗೋಧಿ ಬೇಗನೆ ಸೋತಿತು. ಹೈನುಗಾರಿಕೆ ಬಂತು. ಆದರೆ ಉಳುಮೆ ಇಳಿಜಾರಿನಲ್ಲೇ ಮುಂದುವರಿಯಿತು. ಗುಡ್ಡದ ಓಕ್ ಕಾಡಿನೊಳಗೆ ದನ ಮೇಯಿಸಿದ್ದರಿಂದ ಅಡಿಯ ಹುಲ್ಲು, ಸಸಿಗಳು ಹೋಗಿ ನೆಲ ಗಟ್ಟಿಯಾಯಿತು. ಮೊದಲು ಇಂಗುತ್ತಿದ್ದ ಮಳೆ ಈಗ ಜಾರಿ ಹರಿಯತೊಡಗಿತು. ಹೊಲಗಳಲ್ಲಿ ಆಳುದ್ದದ ಕೊರಕಲು ಬಿದ್ದವು. ಮೇಲಿನ ಮಣ್ಣು ಕೆಳಗಿಳಿದು ಕಣಿವೆತಳದಲ್ಲಿ ಹೂಳಾಗಿ ಕೂತಿತು. ಹಳೆಯ ಹೊಲಬೇಲಿಯ ಕಂಬಗಳೇ ಹೂತುಹೋಗುವಷ್ಟು ಹೂಳು. ಪಕ್ಕದ ಜಲಾನಯನವಾದ ಕೂನ್ ಹಳ್ಳದಲ್ಲಿ 1933ರಲ್ಲಿ ಹ್ಯೂ ಬೆನೆಟ್ ನೇತೃತ್ವದ ಕೇಂದ್ರ ಮಣ್ಣು ಸವಕಳಿ ಇಲಾಖೆ ದೇಶದ ಮೊದಲ ಜಲಾನಯನ ಪ್ರಯೋಗವನ್ನು ಕೈಗೊಂಡಿತು. ವನ್ಯಜೀವಿ ತಜ್ಞ ಆಲ್ಡೊ ಲಿಯೊಪೋಲ್ಡ್ ಅದರಲ್ಲಿ ಸಲಹೆಗಾರರಾಗಿದ್ದರು. ಇಳಿಜಾರಿಗೆ ಅಡ್ಡಲಾಗಿ ಉಳುವುದು, ಹುಲ್ಲು ಮತ್ತು ಕಾಳಿನ ಬೆಳೆಯನ್ನು ಪಟ್ಟೆ ಪಟ್ಟೆಯಾಗಿ ಬಿತ್ತುವುದು, ಕಡಿದಾದ ಗುಡ್ಡವನ್ನು ದನಗಳಿಂದ ಕಾಯುವುದು: ಅಲ್ಲಿ ಕಲಿತ ಈ ಪಾಠ ಸುತ್ತಲ ಕಣಿವೆಗಳಿಗೂ ಹಬ್ಬಿತು. ಅದು ಪೂರ್ತಿ ಹಬ್ಬುವ ಮುನ್ನವೇ 1935ರಲ್ಲಿ ಕಿಕಪೂ ಉಕ್ಕಿ ಬಂತು. ಊರಿಗೆ ಊರೇ ನೀರಾಯಿತು. ನಾಲ್ಕು ವರ್ಷಗಳಲ್ಲಿ ರೈಲೂ ನಿಂತುಹೋಯಿತು.

ಕಣಿವೆಯ ಜನ ಕೇಂದ್ರ ಸರ್ಕಾರದ ಮೊರೆಹೊಕ್ಕರು. ಇದನ್ನು ಮರೆಯಬಾರದು. ಅಣೆಕಟ್ಟನ್ನು ಮೊದಮೊದಲು ಕೇಳಿದವರು ಪ್ರವಾಹದಲ್ಲಿ ನೊಂದ ಊರಿನವರೇ. 1962ರಲ್ಲಿ ಅಮೆರಿಕದ ಕಾಂಗ್ರೆಸ್ ಲಾ ಫಾರ್ಜ್ ಅಣೆಕಟ್ಟಿಗೆ ಒಪ್ಪಿಗೆ ಕೊಟ್ಟಿತು. ಕಟ್ಟುವ ಹೊಣೆ ಸೇನೆಯ ಎಂಜಿನಿಯರ್ ದಳದ್ದು. ಲಾ ಫಾರ್ಜ್ ಊರಿನ ಮೇಲ್ಭಾಗದಲ್ಲಿ ಮಣ್ಣಿನ ಏರಿ, ಅದರ ಹಿಂದೆ ಸುಮಾರು 1,800 ಎಕರೆಯ ಸರೋವರ. ಕಾಲಕ್ರಮದಲ್ಲಿ ಪ್ರವಾಹ ತಡೆಯ ಮಾತಿನ ಪಕ್ಕದಲ್ಲಿ ಪ್ರವಾಸೋದ್ಯಮದ ಮಾತೂ ಜೋರಾಯಿತು. ದೋಣಿವಿಹಾರ, ಹೋಟೆಲು, ಬೇಸಿಗೆ ಮನೆ, ಊರಿನ ಹುಡುಗರಿಗೆ ಕೆಲಸ.

1969ರಲ್ಲಿ ಭೂಸ್ವಾಧೀನ ಶುರುವಾಯಿತು. 149 ಕುಟುಂಬಗಳು ಒಕ್ಕಲೆದ್ದವು. ಸರ್ಕಾರದ ವಶಕ್ಕೆ ಹೋದದ್ದು ಸುಮಾರು 8,600 ಎಕರೆ. ಸರೋವರಕ್ಕೆ ಬೇಕಿದ್ದ ನೆಲದ ನಾಲ್ಕು ಪಟ್ಟಿಗೂ ಹೆಚ್ಚು ಎಂಬುದನ್ನು ನೆನಪಿಡಬೇಕು. ನೆರೆಯ ನೀರು ಏರಿ ನಿಲ್ಲುವ ಜಾಗ, ವಿಹಾರಧಾಮದ ಜಾಗ, ಹೆದ್ದಾರಿ ತಿರುಗಿಸುವ ಜಾಗ ಎಲ್ಲ ಸೇರಿ ಅಷ್ಟಾಯಿತು. ಮುಳುಗಡೆ ಎಂಬ ಪದ ಕೇಳಿ ಬೆಳೆದವರಿಗೆ ಮುಂದಿನದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಪ್ಪಿ ಮಾರಿದವರಿದ್ದರು, ಒಪ್ಪದೆ ಕೋರ್ಟಿನ ಮೆಟ್ಟಿಲು ಹತ್ತಿದವರಿದ್ದರು. ಮೂರು ತಲೆಮಾರು ಹಾಲು ಕರೆದ ಕೊಟ್ಟಿಗೆಗಳು ನೆಲಸಮವಾದವು. ಮಕ್ಕಳು ಕಡಿಮೆಯಾಗಿ ಶಾಲೆ ಸೊರಗಿತು, ತೆರಿಗೆ ಕಟ್ಟುವ ಹೊಲಗಳು ಇಲ್ಲವಾಗಿ ಪಂಚಾಯಿತಿಯ ಆದಾಯ ಕುಸಿಯಿತು.

1971ರಲ್ಲಿ ಕಟ್ಟಡ ಕೆಲಸ ಆರಂಭವಾಯಿತು. ಏರಿ ಮೇಲೇಳತೊಡಗಿತು. ನೀರು ಬಿಡುವ ಕಾಂಕ್ರೀಟ್ ಗೋಪುರ ನೂರಡಿ ಮೀರಿ ನಿಂತಿತು. ಅಷ್ಟರಲ್ಲಿ ದೇಶದ ಕಾನೂನು ಬದಲಾಗಿತ್ತು. ಇಂಥ ಯೋಜನೆಗಳ ಪರಿಸರ ಪರಿಣಾಮವನ್ನು ಮೊದಲೇ ಅಳೆದು ಜನರ ಮುಂದಿಡಬೇಕೆಂಬ ಕಾಯ್ದೆ 1970ರ ಮೊದಲ ದಿನ ಜಾರಿಯಾಗಿತ್ತು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ತಜ್ಞರು 1974ರಲ್ಲಿ ಈ ಯೋಜನೆಯನ್ನು ಪರಿಶೀಲಿಸಿದರು. ಅವರ ತೀರ್ಮಾನ ಕಠಿಣವಾಗಿತ್ತು. ಉಪನದಿಗಳು ಹೊತ್ತು ತರುವ ಮಣ್ಣು, ಗೊಬ್ಬರ, ದನದ ಸಗಣಿಯ ರಂಜಕವೆಲ್ಲ ಆ ಆಳವಿಲ್ಲದ ಸರೋವರದಲ್ಲಿ ತಂಗುತ್ತದೆ, ಬೇಸಿಗೆಯ ಬಿಸಿಲಿಗೆ ಪಾಚಿ ಕಟ್ಟಿ ನೀರು ಕೆಡುತ್ತದೆ. ಈಜಲು, ದೋಣಿ ಬಿಡಲು ಬರುವವರನ್ನು ನಂಬಿ ಹಾಕಿದ್ದ ಲೆಕ್ಕ ಅಲ್ಲಿಗೆ ಕುಸಿಯಿತು. ಇತ್ತ ಮುಳುಗಲಿದ್ದ ಬಂಡೆಗಳ ಮೇಲೆ ಹಿಮಯುಗದಿಂದ ಉಳಿದು ಬಂದ ಅಪರೂಪದ ಸಸ್ಯಗಳಿದ್ದವು. ತಣ್ಣನೆಯ ಮರಳುಗಲ್ಲಿಗೆ ಅಂಟಿಕೊಂಡು ನೀಲಿ ಹೂ ಬಿಡುವ ನಾರ್ದರ್ನ್ ಮಾಂಕ್ಸ್‌ಹುಡ್ ಅವುಗಳಲ್ಲಿ ಒಂದು. 1978ರಲ್ಲಿ ಅದು ಅಪಾಯಕ್ಕೊಳಗಾದ ಸಸ್ಯಗಳ ಕೇಂದ್ರ ಪಟ್ಟಿಗೆ ಸೇರಿತು.

ವೆಚ್ಚದ ಅಂದಾಜು ಏರುತ್ತಲೇ ಇತ್ತು. 1975ರಲ್ಲಿ ರಾಜ್ಯಪಾಲ ಪ್ಯಾಟ್ರಿಕ್ ಲೂಸಿ ವಿರೋಧ ವ್ಯಕ್ತಪಡಿಸಿದರು. ಸೆನೆಟರುಗಳಾದ ಗೇಲಾರ್ಡ್ ನೆಲ್ಸನ್ ಮತ್ತು ವಿಲಿಯಂ ಪ್ರಾಕ್ಸ್‌ಮೈರ್ ಬೆಂಬಲ ಹಿಂತೆಗೆದರು. ಆ ವರ್ಷವೇ ಕೆಲಸ ನಿಂತಿತು. ಅಷ್ಟರಲ್ಲಿ ಸುಮಾರು 1.8 ಕೋಟಿ ಡಾಲರ್ ಖರ್ಚಾಗಿತ್ತು. ಏರಿಯಲ್ಲಿ ಬಿಟ್ಟಿದ್ದ ಸಂದಿನಲ್ಲಿ ನದಿ ಎಂದಿನಂತೆ ಹರಿಯುತ್ತಿತ್ತು.

ನಿಲ್ಲಿಸಿದ್ದು ಸರಿಯೇ ಎಂದು ನನ್ನ ಮನಸ್ಸು ಹೇಳುತ್ತದೆ. ಆದರೆ ಆ ಸರಿಯಾದ ತೀರ್ಮಾನದ ಬೆಲೆಯನ್ನು ತೆತ್ತವರು ಯಾರೆಂದು ನೋಡಿದರೆ ಸಂಕಟವಾಗುತ್ತದೆ. ಕೆಳಗಿನ ಊರುಗಳನ್ನು ಉಳಿಸಲೆಂದು ಮನೆ ಬಿಡಿ ಎಂದಿದ್ದರು, ಬಿಟ್ಟರು. ಕೆಳಗಿನ ಊರುಗಳು ಉಳಿಯಲಿಲ್ಲ, ಮನೆಗಳೂ ಮರಳಲಿಲ್ಲ. ಅಣೆಕಟ್ಟು ಬೇಕೆಂದವರು ಪರಿಸರವಾದಿಗಳನ್ನು ಶಪಿಸಿದರು, ಬೇಡವೆಂದವರು ಊರಿನಲ್ಲಿ ತಲೆ ಎತ್ತಿ ನಡೆಯುವುದು ಕಷ್ಟವಾಯಿತು. ಇಪ್ಪತ್ತು ವರ್ಷ ಆ ನೆಲ ಯಾರದೂ ಆಗದೆ ಬಿದ್ದಿತ್ತು. ಹೊಲಗಳಲ್ಲಿ ಕಾಡು ಬೆಳೆಯಿತು, ಅರ್ಧಕ್ಕೆ ನಿಂತ ರಸ್ತೆಯಲ್ಲಿ ಹುಲ್ಲು ಬೆಳೆಯಿತು.

ಮೂವತ್ತು ಮೈಲಿಯೊಳಗೇ, ಕೆಳಗಿನ ಸೋಲ್ಜರ್ಸ್ ಗ್ರೋವ್‌ನಲ್ಲಿ ಬೇರೊಂದು ಬಗೆಯ ಆಲೋಚನೆ ನಡೆಯುತ್ತಿತ್ತು. ಸುಮಾರು ಆರುನೂರು ಜನರ ಆ ಊರಿನ ಪೇಟೆ ನದಿಯ ತಿರುವಿನೊಳಗೆ ಕೂತಿತ್ತು. ಲಾ ಫಾರ್ಜ್ ಅಣೆಕಟ್ಟಿನ ಜೊತೆಗೆ ಇಲ್ಲೊಂದು ತಡೆಗೋಡೆ ಕಟ್ಟುವುದು ಎಂಜಿನಿಯರ್ ದಳದ ಯೋಜನೆಯಾಗಿತ್ತು. ಗೋಡೆಗೆ 35 ಲಕ್ಷ ಡಾಲರ್. ಅದು ಕಾಯಬೇಕಿದ್ದ ಆಸ್ತಿಯ ಬೆಲೆ 10 ಲಕ್ಷ ಡಾಲರನ್ನೂ ಮುಟ್ಟುತ್ತಿರಲಿಲ್ಲ. ಅಷ್ಟು ದುಡ್ಡಿನಲ್ಲಿ ಪೇಟೆಯನ್ನೇ ಎತ್ತರಕ್ಕೆ ಸಾಗಿಸಬಹುದಲ್ಲ ಎಂದು ಊರಿನವರು ಕೇಳಿದರು. ಗೋಡೆಗೆ ಹಣವಿತ್ತು, ಸ್ಥಳಾಂತರಕ್ಕೆ ಎಂಬ ಬಾಬತ್ತು ಎಲ್ಲೂ ಇರಲಿಲ್ಲ. ವರ್ಷಗಟ್ಟಲೆ ಕಚೇರಿಗಳಿಗೆ ಅಲೆದರು. ಕೇಂದ್ರದ ನೆರವಿಗೆ ಕಾಯದೆ ತಮ್ಮದೇ ದುಡ್ಡಿನಲ್ಲಿ ಗುಡ್ಡದ ಮೇಲೆ ಜಾಗ ಕೊಂಡರು. 1978ರ ಜುಲೈನಲ್ಲಿ ನದಿ ಮತ್ತೆ ಪೇಟೆಯೊಳಗೆ ನುಗ್ಗಿದಾಗ ಎಲ್ಲರ ಕಣ್ಣು ತೆರೆಯಿತು. ಕೇಂದ್ರದಿಂದ ಮೊದಲ ಕಂತು 9 ಲಕ್ಷ ಡಾಲರ್ ಬಂತು.

1983ರ ಹೊತ್ತಿಗೆ ಪೇಟೆ ಪೂರ್ತಿ ಮೇಲೇರಿತ್ತು. ಒಟ್ಟು ವೆಚ್ಚ ಸುಮಾರು 60 ಲಕ್ಷ ಡಾಲರ್. ತೈಲ ಬಿಕ್ಕಟ್ಟಿನ ಕಾಲ ಅದು. ಹೇಗೂ ಹೊಸದಾಗಿ ಕಟ್ಟುತ್ತೇವಲ್ಲ, ಬಿಸಿಲನ್ನೂ ಬಳಸೋಣ ಎಂದು ಊರಿನವರು ಒಂದು ನಿಯಮ ಮಾಡಿದರು. ಹೊಸ ಪೇಟೆಯ ವ್ಯಾಪಾರದ ಕಟ್ಟಡ ಯಾವುದೇ ಇರಲಿ, ಅದನ್ನು ಬೆಚ್ಚಗಿಡಲು ಬೇಕಾದ ಶಾಖದಲ್ಲಿ ಅರ್ಧದಷ್ಟಾದರೂ ಸೂರ್ಯನಿಂದ ಬರಬೇಕು. ದಕ್ಷಿಣಕ್ಕೆ ಮುಖ ಮಾಡಿದ, ಗಾಜಿನ ಇಳಿಮಾಡಿನ ಅಂಗಡಿಗಳು ಎದ್ದವು. ದೇಶದಲ್ಲೇ ಇಂಥ ಮೊದಲ ಊರೆಂದು ಪತ್ರಿಕೆಗಳು ಬರೆದವು. ಹಳೆಯ ಪೇಟೆಯ ಜಾಗ ಉದ್ಯಾನವಾಯಿತು. ಈಗ ಪ್ರವಾಹ ಬಂದರೆ ಮುಳುಗುವುದು ಹುಲ್ಲುಹಾಸು. ಆ ಊರಿನವರ ಹಠಕ್ಕೆ ನನ್ನ ಗೌರವ ಅಪಾರ. ದೇಶದ ಅತಿ ದೊಡ್ಡ ಎಂಜಿನಿಯರಿಂಗ್ ಸಂಸ್ಥೆಗೆ ಕಾಣದಿದ್ದ ಲೆಕ್ಕ ಆರುನೂರು ಜನರ ಹಳ್ಳಿಗೆ ಕಂಡಿತ್ತು.

ಲಾ ಫಾರ್ಜ್ ಕೂಡ ಸತ್ತ ಊರಾಗಲಿಲ್ಲ. 1988ರಲ್ಲಿ ಈ ಸೀಮೆಯ ಬೆರಳೆಣಿಕೆಯ ರೈತರು ಸಾವಯವ ಬೆಳೆಗಾರರ ಸಹಕಾರ ಸಂಘವೊಂದನ್ನು ಕಟ್ಟಿದರು. ಇಂದು ಆರ್ಗ್ಯಾನಿಕ್ ವ್ಯಾಲಿ ಎಂಬ ಹೆಸರಿನಲ್ಲಿ ದೇಶದುದ್ದಕ್ಕೂ ಹಾಲು, ಬೆಣ್ಣೆ ಮಾರುವ ಆ ಸಂಘದ ಕೇಂದ್ರ ಕಚೇರಿ ಇರುವುದು ಲಾ ಫಾರ್ಜ್‌ನಲ್ಲೇ. ಇಳಿಜಾರನ್ನು ಉಳದೆ ಹುಲ್ಲುಗಾವಲಾಗಿ ಉಳಿಸಿಕೊಂಡೂ ಸಣ್ಣ ಹೈನುಗಾರ ಬದುಕಬಹುದೆಂಬುದಕ್ಕೆ ಅದು ಕೈಗೆಟುಕುವ ಪುರಾವೆಯಾಯಿತು.

1990ರ ದಶಕದಲ್ಲಿ ಹಳೆಯ ವೈರಿಗಳು ಒಂದೇ ಮೇಜಿನ ಸುತ್ತ ಕೂತರು. ನೆಲವನ್ನು ಕೇಂದ್ರದಿಂದ ಬಿಡಿಸಿಕೊಳ್ಳಬೇಕು ಎಂಬುದೊಂದರಲ್ಲಿ ಎಲ್ಲರಿಗೂ ಒಮ್ಮತವಿತ್ತು. 1996ರ ಕಾಯ್ದೆ ಅಣೆಕಟ್ಟಿನ ಯೋಜನೆಯನ್ನು ಅಧಿಕೃತವಾಗಿ ರದ್ದುಮಾಡಿತು. ನೆಲ ರಾಜ್ಯಕ್ಕೆ ಸೇರಬೇಕು, ಅದರಲ್ಲಿ 1,200 ಎಕರೆಯವರೆಗೆ ಹೋ-ಚಂಕ್ ರಾಷ್ಟ್ರದ ಪರವಾಗಿ ಕಾದಿಡಬೇಕು ಎಂದಿತು. ಈ ಭಾಗವನ್ನು ಕೆಲವು ಊರಿನವರು ಸುಲಭವಾಗಿ ಒಪ್ಪಲಿಲ್ಲ. ಮಾತುಕತೆ ನಡೆದು 1997ರಲ್ಲಿ ರಾಜ್ಯಕ್ಕೂ ಹೋ-ಚಂಕ್ ರಾಷ್ಟ್ರಕ್ಕೂ ಒಪ್ಪಂದವಾಯಿತು. ಎರಡು ಪಾಲನ್ನೂ ಒಂದೇ ಕಾಡಿನಂತೆ, ಒಂದೇ ಮಂಡಳಿಯಲ್ಲಿ ಕೂತು ನೋಡಿಕೊಳ್ಳುವುದು. 2000ದ ಕೊನೆಗೆ ಹಸ್ತಾಂತರ ಮುಗಿಯಿತು. ಕಿಕಪೂ ವ್ಯಾಲಿ ರಿಸರ್ವ್ ಎಂಬ ಆ ಕಾಡಿನಲ್ಲಿ ಇಂದು ಜನ ನಡೆಯುತ್ತಾರೆ, ಒಂಟಾರಿಯೊದಿಂದ ಲಾ ಫಾರ್ಜ್‌ವರೆಗೆ ಬಂಡೆಗೋಡೆಗಳ ಅಡಿಯಲ್ಲಿ ದೋಣಿ ಹುಟ್ಟುಹಾಕುತ್ತಾರೆ. 1837ರ ಮೋಸಕ್ಕೆ 1,200 ಎಕರೆ ಪರಿಹಾರವಲ್ಲ. ಆದರೂ ಸಾಗಹಾಕಲ್ಪಟ್ಟವರ ಮೊಮ್ಮಕ್ಕಳು ಆ ನೆಲದ ವಿಷಯದಲ್ಲಿ ಮತ ಹಾಕುವ ಕುರ್ಚಿಯಲ್ಲಿ ಕೂತದ್ದು ಈ ಕಣಿವೆಯಲ್ಲಿ ನಡೆದ ಸಣ್ಣ ಸಂಗತಿಯಲ್ಲ. 149 ಕುಟುಂಬಗಳಿಗೆ ಅಂಥ ಕುರ್ಚಿಯೂ ಸಿಗಲಿಲ್ಲ, ನೆಲವೂ ಸಿಗಲಿಲ್ಲ.

ನದಿ ತನ್ನ ಪಾಡಿಗೆ ಉಕ್ಕುತ್ತಲೇ ಇದೆ. ಸೇಬಿನ ತೋಟಗಳಿಗೆ ಹೆಸರಾದ ಗೇಸ್ ಮಿಲ್ಸ್ 2007ರ ಆಗಸ್ಟ್‌ನಲ್ಲಿ ಮುಳುಗಿತು. ಕೆಸರು ಬಳಿದು ಮನೆ ಒಣಗಿಸಿಕೊಳ್ಳುವಷ್ಟರಲ್ಲಿ, 2008ರ ಜೂನ್‌ನಲ್ಲಿ, ಮತ್ತೆ ಮುಳುಗಿತು. ಸೋಲ್ಜರ್ಸ್ ಗ್ರೋವ್ ಹಿಡಿದ ದಾರಿಯನ್ನೇ ಅದೂ ಹಿಡಿದು ಒಂದಷ್ಟು ಮನೆ, ಅಂಗಡಿ, ಪಂಚಾಯಿತಿ ಕಟ್ಟಡಗಳನ್ನು ಎತ್ತರಕ್ಕೆ ಒಯ್ದಿತು. ಎಲ್ಲರೂ ಹೋಗಲಿಲ್ಲ. ಹಳೆಯ ಊರು, ಹೊಸ ಊರು ಎಂದು ಗೇಸ್ ಮಿಲ್ಸ್ ಎರಡಾಗಿ ಉಳಿದಿದೆ.

2018ರ ಆಗಸ್ಟ್ 27ರ ರಾತ್ರಿ ಬಿದ್ದ ಮಳೆ ಈ ಹಿಂದಿನದನ್ನೆಲ್ಲ ಮೀರಿಸಿತು. ಕೆಲವೆಡೆ ಒಂದೇ ರಾತ್ರಿಯಲ್ಲಿ ಹತ್ತು ಇಂಚಿಗೂ ಹೆಚ್ಚು. ಕಿಕಪೂವಿನ ಹಲವು ಊರುಗಳಲ್ಲಿ ನೀರು ದಾಖಲೆ ಮಟ್ಟ ಮುಟ್ಟಿತು. ಅದೇ ರಾತ್ರಿ ಆ ಸೀಮೆಯ ಐದು ಸಣ್ಣ ಪ್ರವಾಹ ತಡೆ ಅಣೆಗಳು ಒಡೆದವು. ಮೂರು ಪಕ್ಕದ ಕೂನ್ ಹಳ್ಳದ ಜಲಾನಯನದಲ್ಲಿ, ಎರಡು ಕಿಕಪೂವಿನ ವೆಸ್ಟ್ ಫೋರ್ಕ್‌ನ ಮೇಲ್ಭಾಗದ ಜರ್ಸಿ ವ್ಯಾಲಿ ಮತ್ತು ಮ್ಲಸ್ನಾ ಎಂಬಲ್ಲಿ. ದಶಕಗಳ ಹಿಂದೆ ಉಪನದಿಗಳ ತಲೆಯಲ್ಲೇ ನೀರು ಹಿಡಿಯಲೆಂದು ಕಟ್ಟಿದ್ದ ಅಣೆಗಳಿವು. ಒಡೆದದ್ದು ಹೇಗೆಂದು ನೋಡಿದ ಎಂಜಿನಿಯರುಗಳಿಗೆ ಕಂಡದ್ದು ವಿಶೇಷವಾಗಿತ್ತು. ಏರಿ ಗಟ್ಟಿಯಾಗಿಯೇ ಇತ್ತು. ಏರಿ ಆತುಕೊಂಡಿದ್ದ ಪಕ್ಕದ ಗುಡ್ಡ ಕೊಚ್ಚಿಹೋಗಿತ್ತು. ಬಿರುಕು ಬಿಟ್ಟ ಮರಳುಗಲ್ಲಿನೊಳಗೆ ನೀರು ನುಗ್ಗಿ, ಗುಡ್ಡವನ್ನು ಒಳಗಿನಿಂದ ತಿಂದು, ಅಣೆಯ ಪಕ್ಕದಿಂದ ದಾರಿ ಮಾಡಿಕೊಂಡಿತ್ತು.

ಒಡೆದವನ್ನು ಮತ್ತೆ ಕಟ್ಟಬೇಕೆ, ಉಳಿದವನ್ನು ಬಲಪಡಿಸಬೇಕೆ ಎಂಬ ಅಧ್ಯಯನ ವರ್ಷಗಟ್ಟಲೆ ನಡೆಯಿತು. ಅದೇ ಕಲ್ಲಿಗೆ ಆತು ನಿಂತ ಉಳಿದ ಅಣೆಗಳನ್ನೂ ಹಂತಹಂತವಾಗಿ ತೆಗೆದುಹಾಕುವುದೇ ಮೇಲೆಂದು ತಜ್ಞರು ಶಿಫಾರಸು ಮಾಡಿದ್ದಾರೆ. ಕೆಳಗೆ ವಾಸಿಸುವವರಲ್ಲಿ ಇದನ್ನು ಒಪ್ಪಲಾಗದವರು ಬಹಳ, ಅವರ ಅಂಜಿಕೆ ಸಹಜವಾದದ್ದೇ. ಈ ನಡುವೆ ರೈತರು ಒಂದೊಂದು ಹಳ್ಳಕ್ಕೆ ಒಂದೊಂದು ಕೂಟ ಕಟ್ಟಿಕೊಳ್ಳತೊಡಗಿದ್ದಾರೆ. ಟೇಂಟರ್ ಹಳ್ಳದವರದು ಅಂಥದೊಂದು. ಕೊಯ್ಲಿನ ನಂತರ ನೆಲವನ್ನು ಬೆತ್ತಲೆ ಬಿಡದೆ ಹೊದಿಕೆ ಬೆಳೆ ಬಿತ್ತುವುದು, ಕಡಿದಾದ ಹೊಲವನ್ನು ಮತ್ತೆ ಹುಲ್ಲುಗಾವಲು ಮಾಡುವುದು, ಮಳೆ ಇಂಗುವಂತೆ ಮಣ್ಣನ್ನು ಸಡಿಲ ಇಡುವುದು ಅವರ ಕೆಲಸ. ಹತ್ತು ಇಂಚಿನ ಮಳೆಯನ್ನು ಹುಲ್ಲು ಪೂರ್ತಿ ತಡೆಯಲಾರದು ಎಂಬುದು ಅವರಿಗೂ ಗೊತ್ತು. ಎರಡು ಇಂಚಿನದನ್ನು, ಮೂರು ಇಂಚಿನದನ್ನು ತಡೆದರೂ ಗೇಸ್ ಮಿಲ್ಸ್‌ನ ಹಳೆಯ ಊರಿನವರಿಗೆ ಅಷ್ಟು ನೀರು ಕಡಿಮೆ ಬರುತ್ತದೆ.